ಪಕ್ಕದ ಕೋಣೆಯ ಪುರಾಣ

ಪುರಾಣ ಹೇಳುವ ಮೇಷ್ಟ್ರ ಪಕ್ಕದ ಕೋಣೆಯಲ್ಲಿ ವಿಜ್ಞಾನ ಹೇಳಲು ಹೋದವನಿಗೆ ವಾರಕ್ಕೊಂದಾದರೂ ಇಂಥದ್ದು ಆಗುತ್ತದೆ. ನನಗೆ ಕೆಲವು ವಾರ ಎರಡೆರಡು ಆದವು.

ನಾನು ಚಳ್ಳಕೆರೆಯವನು. ಬಿ.ಎಸ್ಸಿ., ಬಿ.ಎಡ್. ಮುಗಿಸಿದ ವರ್ಷವೇ ಮೊಳಕಾಲ್ಮೂರಿನ ಒಂದು ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿ ಸೇರಿದೆ. ತೊಂಬತ್ತರ ದಶಕದ ಕೊನೆ. ಅಲ್ಲೇ ಒಂದು ರೂಮು ಹಿಡಿದಿದ್ದೆ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುತ್ತಿದ್ದೆ. ಪಾಠಕ್ಕೆ ತಯಾರಿ ಮಾಡದೆ ನಾನು ಒಂದು ದಿನವೂ ತರಗತಿಗೆ ಹೋದವನಲ್ಲ. ಪ್ರತಿ ಪಾಠಕ್ಕೂ ಒಂದು ಕಾರ್ಡು. ಕಾರ್ಡಿನ ಮೇಲೆ ಉದ್ದೇಶ, ಸಲಕರಣೆ, ಪ್ರಶ್ನೆ, ಸಮಯ.

ಪಕ್ಕದ ಕೋಣೆಯ ಕನ್ನಡ ಮೇಷ್ಟ್ರ ಕೈಯಲ್ಲಿ ಕಾರ್ಡು ಹಾಗಿರಲಿ, ಪುಸ್ತಕವನ್ನೂ ನಾನು ನೋಡಲಿಲ್ಲ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಸಣಕಲು ಆಳು. ತರಗತಿಗೆ ಬಂದು ಮೇಜಿನ ತುದಿಗೆ ಒರಗಿ ನಿಂತು, ಕನ್ನಡಕ ತೆಗೆದು ಜೇಬಿಗೆ ಹಾಕಿ, "ಆವಾಗ ಏನಾಯ್ತಪ್ಪಾ ಅಂದ್ರೆ..." ಅಂದರೆ ಸಾಕು, ಐವತ್ತು ಮಕ್ಕಳು ಉಸಿರು ಬಿಗಿಹಿಡಿಯುತ್ತಿದ್ದವು. ಅವರು ಒಳ್ಳೆಯವರು. ಆ ಒಳ್ಳೆಯತನವೂ ನನಗೆ ಆಗುತ್ತಿರಲಿಲ್ಲ.

೧. ಎಲೆಗಳು ಹೊರಹಾಕುವುದು

ನಮ್ಮಿಬ್ಬರ ಕೋಣೆಗಳ ನಡುವೆ ಗೋಡೆ ಇತ್ತು, ಆದರೆ ಸೂರಿನ ತನಕ ಇರಲಿಲ್ಲ. ಒಂದಾಳೆತ್ತರ ಕಟ್ಟಿ ಬಿಟ್ಟಿದ್ದರು. ಅಲ್ಲಿಂದ ಮೇಲೆ ಹೆಂಚಿನವರೆಗೂ ಖಾಲಿ. ಆ ಖಾಲಿ ಜಾಗದಿಂದ ಪುರಾಣ ನನ್ನ ಕಡೆಗೆ ಇಳಿಯುತ್ತಿತ್ತು. ವಿಜ್ಞಾನ ಆ ಕಡೆಗೆ ಹತ್ತಿದ್ದನ್ನು ನಾನು ಕಾಣೆ.

ಒಂದು ದಿನ ಏಳನೇ ತರಗತಿಗೆ ಬಾಷ್ಪವಿಸರ್ಜನೆ ಮಾಡುತ್ತಿದ್ದೆ. ಕುಂಡದ ಗಿಡಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿ ಬಿಸಿಲಿಗಿಟ್ಟು, ಒಳಗೆ ಹನಿ ಕೂತಿದ್ದನ್ನು ತೋರಿಸಿದೆ. ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದರು. ನನಗೆ ಬಹಳ ಸಮಾಧಾನವಾಯಿತು. ಗೋಡೆಯ ಆಚೆ ಭಸ್ಮಾಸುರ ವರ ಕೇಳುತ್ತಿದ್ದ. ನಾನು ಲೆಕ್ಕಿಸಲಿಲ್ಲ.

ಬೋರ್ಡಿನ ಮೇಲೆ ಚಿತ್ರ ಬರೆದು ತಿರುಗಿ ನೋಡುತ್ತೇನೆ, ಇಡೀ ತರಗತಿ ಬಲಗೈ ಎತ್ತಿ ತಂತಮ್ಮ ತಲೆಯ ಹತ್ತಿರ ಹಿಡಿದು ಕೂತಿದೆ. ಮೋಹಿನಿ ಕುಣಿಯುತ್ತಿದ್ದಳು. ಆಚೆ ಕೋಣೆಯವರು ಏನು ಮಾಡುತ್ತಿದ್ದರೋ ಈಚೆಯವರೂ ಅದನ್ನೇ ಮಾಡುತ್ತಿದ್ದರು. ನಾನು ಮೇಜು ಕುಟ್ಟಿ, ಮೊದಲ ಬೆಂಚಿನವನನ್ನು ಎಬ್ಬಿಸಿದೆ.

"ಹೇಳೋ, ಎಲೆಗಳು ಏನನ್ನು ಹೊರಹಾಕುತ್ತವೆ?"

ಅವನ ಕೈ ಇನ್ನೂ ತಲೆಯಿಂದ ನಾಲ್ಕು ಬೆರಳು ಮೇಲೆ ಇತ್ತು. ಅಷ್ಟರಲ್ಲಿ ಆಚೆ ಕೋಣೆಯಲ್ಲಿ "ಧಗ್!" ಎಂಬ ಸದ್ದು, ಮಕ್ಕಳ ಕೇಕೆ. ನನ್ನ ಹುಡುಗ ನಿಟ್ಟುಸಿರು ಬಿಟ್ಟು ಹೇಳಿದ:

"ಬೂದಿ ಸಾರ್."

೨. ನಾಲ್ಕು ಮಂದಿ

ಶನಿವಾರ ಬೆಳಗಿನ ಶಾಲೆ. ಅವತ್ತಿನ ಕೊನೆಯ ಪಿರಿಯಡ್ ಯಾವ ವಿಷಯಕ್ಕೂ ಸೇರಿರಲಿಲ್ಲ. ಕನ್ನಡ ಮೇಷ್ಟ್ರು ಅದರಲ್ಲಿ ಕಥೆ ಹೇಳಿಕೊಂಡು ಬಂದಿದ್ದರು. ಅದು ನನಗೆ ಬೇಕು ಎಂದು ಹೆಡ್‌ಮಾಸ್ಟರರಿಗೆ ಅರ್ಜಿ ಬರೆದುಕೊಟ್ಟೆ. ವಾರವಿಡೀ ಪಠ್ಯ ಮುಗಿಸುವುದರಲ್ಲೇ ಹೋಗುತ್ತದೆ. ಮಕ್ಕಳ ಕೈಯಲ್ಲಿ ಪ್ರಯೋಗ ಮಾಡಿಸಲು ಆ ನಲವತ್ತು ನಿಮಿಷ ಬಿಟ್ಟರೆ ಬೇರೆ ಇಲ್ಲ. ಕಾರಣಗಳನ್ನು ಒಂದರಿಂದ ಏಳರವರೆಗೆ ಬರೆದಿದ್ದೆ. ಎಂಟನೆಯದನ್ನು ಬರೆಯಲಿಲ್ಲ: ಆ ಮಕ್ಕಳು ಒಂದು ಸಲವಾದರೂ ನನ್ನನ್ನು ಹಾಗೆ ನೋಡಬೇಕು.

ಹೆಡ್‌ಮಾಸ್ಟರರು ಯಾರನ್ನೂ ನೋಯಿಸದವರು. ಹಾಗಾಗಿ ಯಾವುದನ್ನೂ ತೀರ್ಮಾನ ಮಾಡದವರು. "ಹಿಂಗ್ ಮಾಡ್ರಿ," ಅಂದರು. "ಇಬ್ರೂ ಒಂದೇ ಹೊತ್ತಿಗೆ ಶುರು ಮಾಡ್ರಿ. ಮಕ್ಕಳು ಯಾವ ಕೋಣೆಗೆ ಬೇಕೋ ಹೋಗ್ಲಿ. ಇನ್‌ಸ್ಪೆಕ್ಟರ್ ಬಂದು ನೋಡಿ ಯಾರ ಪಾಠ ಚೆನ್ನಾಗೈತೆ ಅಂತ ಬರೀತಾರೋ, ಪಿರಿಯಡ್ ಕಾಯಂ ಆಗಿ ಅವರಿಗೆ."

ಮೊದಲ ಶನಿವಾರ ನನ್ನ ಕೋಣೆಗೆ ನಾಲ್ಕು ಮಂದಿ ಬಂದರು. ನಾಲ್ಕಾದರೂ ಬಂದರಲ್ಲ ಎಂದು ಹೆಸರು ಬರೆದುಕೊಂಡೆ. ಬಂದ ಕಾರಣವನ್ನೂ ಕೇಳಿ ಬರೆದುಕೊಂಡೆ. ಮೊದಲನೆಯವನಿಗೆ ಆಚೆ ಕೋಣೆಯಲ್ಲಿ ಜಾಗ ಸಿಕ್ಕಿರಲಿಲ್ಲ. ಎರಡನೆಯವನು ಅಲ್ಲಿ ಯಾರನ್ನೋ ಹೊಡೆದು ಹೊರಗೆ ಬಂದವನು. ಮೂರನೆಯವನಿಗೆ ಜ್ವರ, ಮಲಗಲು ಖಾಲಿ ಬೆಂಚು ಬೇಕಿತ್ತು. ನಾಲ್ಕನೆಯವಳು ಮಾತ್ರ ಪುಸ್ತಕ, ಪೆನ್ಸಿಲ್ಲು ಎಲ್ಲ ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು. ನನಗೆ ಕಣ್ಣು ತುಂಬಿ ಬಂತು.

"ನಿನಗೆ ವಿಜ್ಞಾನ ಅಂದ್ರೆ ಇಷ್ಟ ಅಲ್ವೇನಮ್ಮ?"

"ಇವತ್ತು ಕನ್ನಡ ಸಾರು ಹೇಳೋ ಕಥೆ ನಮ್ಮಜ್ಜಿ ಹೇಳೈತೆ ಸಾರ್," ಅಂದಳು. "ಮುಂದಿನ ವಾರದ್ದು ಗೊತ್ತಿಲ್ಲ. ಅದಕ್ಕೆ ಅಲ್ಲಿಗೆ ಹೋಗ್ತೀನಿ."

೩. ಮಗ್ಗದ ಮನೆಯವರ ಪ್ರಶ್ನೆ

ಮೊಳಕಾಲ್ಮೂರಿನಲ್ಲಿ ಪುರಾಣ ಹೇಳುವುದು ಅಷ್ಟು ಸುಲಭವಲ್ಲ. ಅರ್ಧಕ್ಕರ್ಧ ಮಕ್ಕಳು ರೇಷ್ಮೆ ಸೀರೆ ನೇಯುವ ಮನೆಯವರು. ಮಗ್ಗದ ಸದ್ದಿನಲ್ಲೇ ಹುಟ್ಟಿ, ಮಗ್ಗದ ಪಕ್ಕದಲ್ಲೇ ಕೂತು ಮಗ್ಗಿ ಬಾಯಿಪಾಠ ಮಾಡಿದವರು. ಅವರೆದುರು ಕನ್ನಡ ಮೇಷ್ಟ್ರು ದ್ರೌಪದಿಯ ವಸ್ತ್ರಾಪಹರಣ ಎತ್ತಿಕೊಂಡರು.

ನಾನು ಗೋಡೆಯ ಈಚೆ ಮೂವರು ಮಕ್ಕಳಿಗೆ ಅಯಸ್ಕಾಂತ ತೋರಿಸುತ್ತಿದ್ದೆ. ದುಶ್ಶಾಸನ ಎಳೆದ, ಎಳೆದ, ಎಳೆದ. ಸೀರೆ ಬಂತು, ಬಂತು, ಬಂತು. ಆಗ ಒಂದು ಹುಡುಗಿಯ ದನಿ ಕೇಳಿಸಿತು.

"ಸಾರ್, ಆ ಸೀರೆಗೆ ಅಂಚು ಇತ್ತಾ?"

"ಇತ್ತವ್ವ. ರಾಣಿ ಅಲ್ವಾ."

"ಸೆರಗು?"

"ಇತ್ತು."

"ಸೆರಗು ಬಂದ್ರೆ ಸೀರೆ ಮುಗೀತು ಸಾರ್. ಮುಂದಕ್ಕೆ ಹೆಂಗೆ ಬಂತು?"

ನಾನು ಅಯಸ್ಕಾಂತ ಕೆಳಗಿಟ್ಟೆ. ಇನ್ನೊಬ್ಬ ಹುಡುಗ ಎದ್ದ: "ಮಗ್ಗದ ಹಾಸಿನ ಎಳೆ ಮುಗಿದ್ರೆ ಹೊಸ ಹಾಸು ಸೇರಿಸ್ಬೇಕು ಸಾರ್. ಎಳೆಗೆ ಎಳೆ ಹೊಸೀಬೇಕು. ನಮ್ಮವ್ವ, ಅಕ್ಕ ಇಬ್ರೂ ಕೂತ್ರೂ ಒಂದು ದಿನ ಹಿಡಿತೈತೆ. ಕೃಷ್ಣ ಯಾವಾಗ ಸೇರಿಸಿದ?"

ಇದು ವಿಜ್ಞಾನದ ಪ್ರಶ್ನೆ. ಕಂಡದ್ದನ್ನು ಕಂಡದ್ದರ ಜೊತೆ ಹೋಲಿಸಿ ಕೇಳಿದ ಪ್ರಶ್ನೆ. ಇಂದಿಗೆ ಕಥೆ ಮುಗಿಯಿತು ಎಂದುಕೊಂಡೆ. ಗೋಡೆಯ ಹತ್ತಿರ ಹೋಗಿ ನಿಂತೆ. ಕನ್ನಡ ಮೇಷ್ಟ್ರು ನಿಧಾನವಾಗಿ ಹೇಳಿದರು:

"ನಿಮ್ಮವ್ವಂಗೆ ಒಂದು ದಿನ ಹಿಡಿಯೋ ಕೆಲಸಾನ ಅವನು ಕಣ್ಣು ಮುಚ್ಚಿ ತೆಗೆಯೋದ್ರಾಗೆ ಮಾಡಿದ. ಅದಕ್ಕೇ ಅಲ್ವೇನಪ್ಪ ಅವನಿಗೆ ಕೈ ಮುಗಿಯೋದು? ನಿಮ್ಮವ್ವ ಒಂದು ದಿನದಾಗೆ ಮಾಡ್ತಾಳಲ್ಲ, ಅವಳಿಗೂ ಮನೆಗೆ ಹೋಗಿ ಕೈ ಮುಗಿ."

ಕೋಣೆ ಚಪ್ಪಾಳೆಯಿಂದ ಬಿರಿಯಿತು. ನನ್ನ ಮೂವರೂ ತಟ್ಟಿದರು.

ನಾನು ಬಿಡಲಿಲ್ಲ. ಸೋಮವಾರ ಆ ಹುಡುಗನನ್ನು ಕರೆದು, "ನೀನು ಕೇಳಿದ್ದು ಒಳ್ಳೇ ಪ್ರಶ್ನೆ. ಆದರೆ ಉತ್ತರ ದೇವರಲ್ಲಿಲ್ಲ, ಯಂತ್ರದಲ್ಲಿದೆ" ಅಂದೆ. ಉತ್ಸಾಹದಲ್ಲಿ ಪವರ್‌ಲೂಮಿನ ಚಿತ್ರವನ್ನೇ ಬೋರ್ಡಿನ ಮೇಲೆ ಬರೆದೆ. ಎಷ್ಟು ಬೇಗ ನೇಯುತ್ತದೆ, ಎಷ್ಟು ಮಂದಿಯ ಕೆಲಸ ಒಂದೇ ಮಾಡುತ್ತದೆ ಎಲ್ಲ ವಿವರಿಸಿದೆ. ಕೈಮಗ್ಗದ ಊರಿನಲ್ಲಿ ಆಡಬಾರದ ಮಾತು ಅದೊಂದೇ ಎಂದು ನನ್ನ ಕಾರ್ಡಿನಲ್ಲಿ ಇರಲಿಲ್ಲ.

ಮರುದಿನ ಹೆಡ್‌ಮಾಸ್ಟರರ ಕೋಣೆಯೆದುರು ಐದು ಜನ ತಂದೆಯರು ನಿಂತಿದ್ದರು.

"ಏನ್ರೀ ಮೇಷ್ಟ್ರೇ, ಪವರ್‌ಲೂಮ್ ಹಾಕಿಸ್ರಿ ಅಂತ ಪಾಠ ಮಾಡ್ತೀರಂತೆ? ನಾವೆಲ್ಲ ಗಂಟು ಮೂಟೆ ಕಟ್ಟನಾ?" ಎಂದು ಒಬ್ಬರು.

"ಏಮಿ ಸಾರ್ ಇದಿ? ಬಂದು ಆರು ತಿಂಗಳಾಗಿಲ್ಲ!" ಎಂದು ಆಂಧ್ರದ ಗಡಿ ಕಡೆಯ ಇನ್ನೊಬ್ಬರು.

ನಾನು ಮೊದಲನೆಯ ಕಾರಣ, ಎರಡನೆಯ ಕಾರಣ ಎಂದು ಶುರು ಮಾಡಿದೆ. ಅವರು ಇನ್ನೂ ಹತ್ತಿರ ಬಂದರು. ಕನ್ನಡ ಮೇಷ್ಟ್ರು ಅದೇ ದಾರಿಯಲ್ಲಿ ಹೋಗುತ್ತಿದ್ದವರು ನಿಂತು, ಕನ್ನಡಕ ತೆಗೆದು ಜೇಬಿಗೆ ಹಾಕಿದರು.

"ಅಲ್ರಪ್ಪಾ, ಪವರ್‌ಲೂಮಿನದಾಗಿದ್ರೆ ದುಶ್ಶಾಸನ ಎಳೆದ ಮೊದಲನೇ ಏಟಿಗೇ ಹರಿದುಹೋಗ್ತಿರಲಿಲ್ವಾ? ಕೃಷ್ಣ ಕೊಟ್ಟಿದ್ದು ಕೈಮಗ್ಗದ್ದು. ಅದನ್ನೇ ಈ ಸಾರು ಹೇಳಿರೋದು. ಹುಡುಗರು ಅರ್ಧ ಕೇಳ್ಕೊಂಡು ಬಂದವ್ರೆ."

ಐದೂ ಮಂದಿಯ ಮುಖ ಅರಳಿತು. ಹೋಗುವಾಗ ನನಗೆ ಕೈ ಮುಗಿದು ಹೋದರು. ಆ ಶನಿವಾರ ನನ್ನ ಮೂವರಲ್ಲಿ ಇಬ್ಬರು ಆಚೆ ಕೋಣೆಗೆ ಹೋದರು. ಉಳಿದವನನ್ನು ಕೇಳಿದೆ, ನೀನ್ಯಾಕೆ ಹೋಗಲಿಲ್ಲ ಅಂತ.

"ನಿಮ್ಮ ಕಥೇನೂ ಅವರೇ ಚೆನ್ನಾಗಿ ಹೇಳ್ತಾರೆ ಸಾರ್," ಅಂದ. "ಆದ್ರೂ ನೀವೊಬ್ರೇ ಇರ್ತೀರಲ್ಲ ಅಂತ ಬಂದೆ."

೪. ಸಮುದ್ರ ಮಥನ, ಸಮಯ ನಾಲ್ಕು ನಿಮಿಷ

ಕಥೆಯಿಂದಲೇ ಮಕ್ಕಳು ಬರುವುದಾದರೆ ಕಥೆ ನನಗೂ ಬರುತ್ತದೆ ಎಂದು ತೀರ್ಮಾನಿಸಿದೆ. ಸಮುದ್ರ ಮಥನ ಆರಿಸಿಕೊಂಡೆ. ಅದರಲ್ಲಿ ಘರ್ಷಣೆ ಇದೆ, ಮಿಶ್ರಣ ಬೇರ್ಪಡಿಸುವ ವಿಧಾನ ಇದೆ. ಕಾರ್ಡು ಬರೆದೆ: ಕಡಗೋಲು, ಮಂದರ ಪರ್ವತ. ಹಗ್ಗ, ವಾಸುಕಿ. ಎಳೆಯುವವರು, ಎರಡು ಪಂಗಡ. ಫಲಿತಾಂಶ, ವಿಷ ಮತ್ತು ಇತರೆ. ರೂಮಿನಲ್ಲಿ ಗಡಿಯಾರ ಇಟ್ಟುಕೊಂಡು ಮೂರು ಸಲ ಅಭ್ಯಾಸ ಮಾಡಿದೆ. "ಸೈನ್ಸ್ ಸಾರೂ ಕಥೆ ಹೇಳ್ತಾರಂತೆ" ಎಂಬ ಸುದ್ದಿ ಹಬ್ಬಿ ಆ ಶನಿವಾರ ಹದಿನೆಂಟು ಮಕ್ಕಳು ಬಂದರು.

ನಾಲ್ಕು ನಿಮಿಷದಲ್ಲಿ ಕಥೆ ಮುಗಿಯಿತು. ಇನ್ನು ಮೂವತ್ತಾರು ನಿಮಿಷ ಇತ್ತು.

"ಆಮೇಲೆ ಸಾರ್?"

"ಆಮೇಲೆ ಪ್ರಶ್ನೋತ್ತರ."

"ಹಾವಿಗೆ ನೋವಾಗ್ಲಿಲ್ವಾ ಸಾರ್?"

"ಅದು ಮಾಹಿತಿಯಲ್ಲಿ ಇಲ್ಲ."

"ಸಮುದ್ರ ಎಷ್ಟು ದೊಡ್ಡದು ಸಾರ್? ನಮ್ಮ ಕೆರೆಯಷ್ಟಾ?"

ಸಮುದ್ರ ನಾನೂ ನೋಡಿರಲಿಲ್ಲ. ನಮ್ಮ ಕಡೆ ಕೆರೆಯಲ್ಲಿ ನೀರು ನೋಡುವುದೇ ಅಪರೂಪ. ಒಬ್ಬೊಬ್ಬರೇ ಬಾಗಿಲ ಕಡೆ ಕಣ್ಣು ಹಾಯಿಸತೊಡಗಿದರು. ಹೆದರಿ, ಎಲ್ಲರನ್ನೂ ಅಂಗಳಕ್ಕೆ ಕರೆದೊಯ್ದೆ. ಮಾಡಿ ತೋರಿಸುವುದೇ ಒಳ್ಳೆಯ ವಿಧಾನ ಎಂದು ಬಿ.ಎಡ್.ನಲ್ಲಿ ಹೇಳಿಕೊಟ್ಟಿದ್ದರು. ಒಬ್ಬನನ್ನು ಪರ್ವತ ಮಾಡಿ ನಡುವೆ ನಿಲ್ಲಿಸಿದೆ. ಅವನ ಸೊಂಟಕ್ಕೆ ಗೋಣಿಚೀಲ ಸುತ್ತಿ ಅದರ ಮೇಲೆ ಒಂದು ಸುತ್ತು ಹಗ್ಗ. ಒಂಬತ್ತು ದೇವತೆಗಳು, ಒಂಬತ್ತು ರಾಕ್ಷಸರಲ್ಲಿ ಒಬ್ಬ ಕಡಿಮೆ. ಆ ಜಾಗಕ್ಕೆ ನಾನೇ ನಿಂತೆ.

ಎಳೆದೆವು. ಬಹಳ ಚೆನ್ನಾಗಿತ್ತು. ಪರ್ವತ ಗಿರಗಿರ ತಿರುಗಿ ನಗುತ್ತಿತ್ತು. ಆಚೆ ಕೋಣೆಯ ಕಿಟಕಿಯಲ್ಲಿ ತಲೆಗಳು ಕಾಣಿಸಿದವು. ಅವರು ಬಂದಾರು ಎಂಬ ಆಸೆಗೆ ನಾನು ಇನ್ನಷ್ಟು ಜೋರಾಗಿ ಎಳೆದೆ. ಹಗ್ಗ ಹರಿಯಿತು. ದೇವತೆಗಳೆಲ್ಲ ಅತ್ತ ಬಿದ್ದರು, ನಾವು ರಾಕ್ಷಸರೆಲ್ಲ ಇತ್ತ ಬಿದ್ದೆವು.

ಅದು ಶಾಲೆಯ ಬಾವಿಯ ಹಗ್ಗ. ಅವಸರದಲ್ಲಿ ಬಿಚ್ಚಿಕೊಂಡು ಬಂದಿದ್ದೆ. ಸೋಮವಾರ ಹೊಸ ಹಗ್ಗ ಬರುವ ತನಕ ಇಡೀ ಶಾಲೆ ಬಾಯಾರಿ ಕೂತಿತು. ಸ್ಟಾಫ್ ರೂಮಿನಲ್ಲಿ ಕನ್ನಡ ಮೇಷ್ಟ್ರು ಖಾಲಿ ಲೋಟ ನನ್ನ ಮುಂದಿಟ್ಟು ಬಹಳ ಮರ್ಯಾದೆಯಿಂದ ಕೇಳಿದರು:

"ಸಾರ್, ಅಮೃತ ಬಂದಾಗ ಬರಲಿ. ಸದ್ಯಕ್ಕೆ ನೀರು ಯಾವಾಗ ಬರ್ತೈತೆ?"

೫. ಮೆಲ್ಲಗೆ ಸತ್ತ ರಾವಣ

ಶಾಲೆಯ ವಾರ್ಷಿಕೋತ್ಸವಕ್ಕೆ ಕನ್ನಡ ಮೇಷ್ಟ್ರು ರಾವಣ ವಧೆ ಆಡಿಸಿದರು. ರಾವಣ ಯಾರೆಂದರೆ ಬಸ್ ಸ್ಟ್ಯಾಂಡ್ ಹತ್ತಿರ ಗ್ಯಾರೇಜು ಇಟ್ಟಿದ್ದ ಸಾಬರ ಮಗ. ಎತ್ತರ, ಗಂಟಲು ಎರಡೂ ಇದ್ದವು. ಮಗ ರಾವಣನಾದನೆಂದು ಅಪ್ಪನಿಗೆ ಭಾರಿ ಖುಷಿ. ತಲೆಗಳನ್ನು ತಾನೇ ಮಾಡಿಕೊಡುತ್ತೇನೆಂದು ಒಪ್ಪಿಕೊಂಡು, ಕಬ್ಬಿಣದ ಪಟ್ಟಿಗೆ ಒಂಬತ್ತು ತಗಡಿನ ತಲೆಗಳನ್ನು ಬಿಚ್ಚಲು, ಸರಿಸಲು ಬರುವಂತೆ ಸಿಕ್ಕಿಸಿ, ಹೆಗಲಿಗೆ ಕಟ್ಟುವ ಬೆಲ್ಟನ್ನೂ ಹಾಕಿ ತಂದರು.

ಹುಡುಗನಿಗೆ ಕಟ್ಟಿದರೆ ಅವನು ಬಲಕ್ಕೆ ವಾಲಿದ. ಸ್ವಂತ ತಲೆ ನಡುವೆ, ಬಲಕ್ಕೆ ಐದು, ಎಡಕ್ಕೆ ನಾಲ್ಕು. ಸೀತೆಯನ್ನು ಗದರಿಸಲು ಹೋದರೂ ರಾವಣ ಲಕ್ಷ್ಮಣನ ಕಡೆಗೇ ಜಾರುತ್ತಿದ್ದ.

ಆಗ ಕನ್ನಡ ಮೇಷ್ಟ್ರು ನನ್ನ ಕೋಣೆಗೆ ಬಂದರು. ಅವರು ನನ್ನ ಕೋಣೆಗೆ ಬಂದದ್ದು ಅದೇ ಮೊದಲು.

"ಸಾರ್, ನಿಮ್ಮ ಸೈನ್ಸ್ ಬೇಕಾಗೈತೆ."

ಈ ಮಾತನ್ನು ಅವರ ಬಾಯಲ್ಲಿ ಇನ್ನೊಂದು ಸಲ ಕೇಳಬೇಕು ಅನ್ನಿಸಿ, "ಏನಂದ್ರಿ?" ಅಂದೆ. ಅವರು ಇನ್ನೊಂದು ಸಲ ಹೇಳಿದರು. ನಾನು ಅಳತೆಪಟ್ಟಿ ತೆಗೆದುಕೊಂಡು ಹೋಗಿ ಪ್ರತಿ ತಲೆಯ ತೂಕ, ಹೆಗಲಿನಿಂದ ಅದರ ದೂರ ಎಲ್ಲ ಬರೆದುಕೊಂಡೆ. ರಾವಣನ ಗುರುತ್ವ ಕೇಂದ್ರ ಕಂಡುಹಿಡಿಯಲು ಎರಡು ಹಾಳೆ ಬೇಕಾಯಿತು. ಎಡಗಡೆ ಕೊನೆಗೆ ಎಷ್ಟು ತೂಕ ಕಟ್ಟಬೇಕು ಎಂಬ ಉತ್ತರದ ಕೆಳಗೆ ಎರಡು ಗೆರೆ ಎಳೆದು ತಲೆ ಎತ್ತಿದೆ.

ರಾವಣ ನೆಟ್ಟಗೆ ನಿಂತಿದ್ದ. ಸಾಬರು ಎಡಗಡೆಯ ತಲೆಯೊಳಗೆ ಏನನ್ನೋ ತುರುಕಿ ತಂತಿ ಸುತ್ತಿ ಕೈ ಒರೆಸಿಕೊಳ್ಳುತ್ತಿದ್ದರು.

"ಆ ಕಾಗಜ್ ಇಟ್ಕೊಳಿ ಮಾಸ್ಟರ್ ಸಾಬ್," ಅಂದರು. "ಕೆಲಸ ಆಯ್ತು."

ನಾಟಕದ ದಿನ ಅಂಗಳ ತುಂಬಿ ಜನ. ರಾವಣ ಅಬ್ಬರಿಸಿದ. ರಾಮ ಬಾಣ ಬಿಟ್ಟ. ರಾವಣ ಎದೆ ಹಿಡಿದುಕೊಂಡು ಹಿಂದಕ್ಕೆ ಬೀಳಲು ಹೊರಟ. ಆಗ ಜನರ ನಡುವಿನಿಂದ ಸಾಬರು ಎದ್ದು ನಿಂತು ಕೂಗಿದರು:

"ಲೇ ಬೇಟಾ, ಮೆಲ್ಲಗೆ ಸಾಯೋ! ಎಡಗಡೆ ತಲೇಲಿ ಗಿರಾಕಿದು ಕಾರ್ಬುರೇಟರ್ ಐತೆ!"

ರಾವಣ ಬೀಳುವುದನ್ನು ಅರ್ಧಕ್ಕೇ ನಿಲ್ಲಿಸಿದ. ಮೊದಲು ಒಂದು ಮೊಣಕಾಲು ಊರಿದ. ಆಮೇಲೆ ಇನ್ನೊಂದು. ರಾಮ ಬಿಲ್ಲು ಕೆಳಗಿಟ್ಟು ಓಡಿಬಂದು ಎಡಗಡೆಯ ನಾಲ್ಕು ತಲೆ ಹಿಡಿದುಕೊಂಡ. ಲಕ್ಷ್ಮಣ ಬಲಗಡೆ ಹಿಡಿದ. ಮೂವರೂ ಸೇರಿ ರಾವಣನನ್ನು ಒಂದೊಂದು ತಲೆಯಾಗಿ ನೆಲಕ್ಕೆ ಮಲಗಿಸಿದರು. ಜನ ಎದ್ದು ನಿಂತು ನೋಡಿದರು.

ನಾಟಕ ಮುಗಿದ ಮೇಲೆ ತಳಕಿನಿಂದ ಬಂದಿದ್ದ ಹಿರಿಯರೊಬ್ಬರು ಕಣ್ಣೊರೆಸಿಕೊಂಡು ಕನ್ನಡ ಮೇಷ್ಟ್ರ ಕೈ ಹಿಡಿದರು. "ಶತ್ರೂನ ಹಿಂಗೆ ಗೌರವದಿಂದ ಮಲಗಿಸಿದ ರಾಮನ್ನ ನಾನು ಎಲ್ಲೂ ನೋಡಿರಲಿಲ್ಲ ಕಣ್ರಿ."

ಕನ್ನಡ ಮೇಷ್ಟ್ರು ವಿನಯದಿಂದ ತಲೆ ಬಗ್ಗಿಸಿದರು. ನನ್ನ ಜೇಬಿನಲ್ಲಿ ಎರಡು ಹಾಳೆ ಲೆಕ್ಕ ಇತ್ತು. ಯಾರೂ ಕೇಳಲಿಲ್ಲ.

೬. ಇನ್‌ಸ್ಪೆಕ್ಟರ್ ಬರೆದದ್ದು

ಆ ಲೆಕ್ಕ ಮಾತ್ರ ನನ್ನನ್ನು ಬಿಡಲಿಲ್ಲ. ನಾಟಕದ ಸಾಮಾನಿನ ಕೋಣೆಯಲ್ಲಿ ರಾವಣನ ತಲೆಗಳು ಅನಾಥವಾಗಿ ಬಿದ್ದಿದ್ದವು. ಕಾರ್ಬುರೇಟರ್ ಗಿರಾಕಿಗೆ ಹೋಗಿತ್ತು. ತಲೆಗಳನ್ನು ಹೊತ್ತು ತಂದು ನನ್ನ ಕೋಣೆಯ ತೊಲೆಗೆ, ಪಟ್ಟಿಯ ನಡುಭಾಗಕ್ಕೆ ಹಗ್ಗ ಕಟ್ಟಿ ತೂಗುಹಾಕಿದೆ. ಹಗ್ಗ ಈ ಸಲ ನನ್ನ ಸ್ವಂತದ್ದು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: "ರಾವಣ ಯಾಕೆ ವಾಲಿದ?"

ಶನಿವಾರ ಕೊನೆಯ ಪಿರಿಯಡ್ಡಿಗೆ ಗಂಟೆ ಹೊಡೆದಾಗ ಮೊದಲು ಇಬ್ಬರು ಬಾಗಿಲಲ್ಲಿ ಇಣುಕಿದರು. ಮುಟ್ಟಬಹುದಾ ಎಂದು ಕೇಳಿದರು. ಮುಟ್ಟಿ ಅಂದೆ. ಅವರು ಓಡಿಹೋಗಿ ಹತ್ತು ಜನರನ್ನು ಕರೆತಂದರು. ಹತ್ತು ಇಪ್ಪತ್ತಾಯಿತು. ಬೆಂಚು ಸಾಲದೆ ನೆಲದ ಮೇಲೆ ಕೂತರು, ಕಿಟಕಿಯ ಕಟ್ಟೆ ಹತ್ತಿದರು. ಆಚೆ ಕೋಣೆ ಸದ್ದಿಲ್ಲದೆ ಖಾಲಿಯಾಯಿತು. ಎಷ್ಟು ಖಾಲಿ ಎಂದರೆ, ಸ್ವಲ್ಪ ಹೊತ್ತಿಗೆ ಕನ್ನಡ ಮೇಷ್ಟ್ರೇ ತಮ್ಮ ಕುರ್ಚಿ ಎತ್ತಿಕೊಂಡು ಬಂದರು.

"ಅಲ್ಲೊಬ್ನೇ ಕೂತು ಏನ್ ಮಾಡ್ಲಿ ಸಾರ್," ಅಂದರು.

ನನಗಾದ ಸಂತೋಷವನ್ನು ಮುಚ್ಚಿಟ್ಟುಕೊಂಡು ಅವರ ಕೈಗೆ ಸ್ಪ್ರಿಂಗ್ ತಕ್ಕಡಿ, ನೋಟ್‌ಬುಕ್ಕು ಕೊಟ್ಟೆ. "ಹಿಂದೆ ಕೂತು ಒಂದೊಂದೇ ತಲೆ ತೂಗಿ ಬರಕೊಳ್ಳಿ ಸಾರ್." ಸೋತವರಿಗೆ ಕೊಡುವ ಕೆಲಸ ಅದು. ಅವರು ಪಾಪ, ಸಾಬರು ಹೆಚ್ಚಿಗೆ ಮಾಡಿ ಉಳಿಸಿದ್ದ ಬಿಡಿ ತಗಡಿನ ತಲೆ ಒಂದೊಂದನ್ನೇ ಕೊಕ್ಕೆಗೆ ಸಿಕ್ಕಿಸಿ ಶ್ರದ್ಧೆಯಿಂದ ತೂಗತೊಡಗಿದರು.

ನಾನು ಶುರು ಮಾಡಿದೆ. ಅವತ್ತು ಕಾರ್ಡು ಮರೆತು ಬಂದಿದ್ದೆ. ರಾವಣ ಬೆಳಿಗ್ಗೆ ಏಳುತ್ತಾನೆ, ಹಾಸಿಗೆಯಿಂದ ಬಲಕ್ಕೇ ಉರುಳುತ್ತಾನೆ, ಯಾಕೆ? ಅವನಿಗೆ ನೆಗಡಿಯಾದರೆ ಯಾವ ಮೂಗು ಮೊದಲು ಒರೆಸಬೇಕು? ಎಡಗಡೆಯ ಕೊನೆಯ ತಲೆಯನ್ನು ಒಂದು ಗೇಣು ಆಚೆಗೆ ಸರಿಸಿದರೆ ಏನಾಗುತ್ತದೆ? ಒಬ್ಬ ಹುಡುಗಿ ಬಂದು ಸರಿಸಿದಳು. ಪಟ್ಟಿಯ ಬಲತುದಿ ನಿಧಾನವಾಗಿ ಮೇಲೆದ್ದು, ಪಟ್ಟಿ ತೂಗಿ, ನೇರವಾಗಿ ನಿಂತಿತು. "ಹೋ!" ಎಂದರು ಮಕ್ಕಳು. ತೂಕ ಮಾತ್ರವಲ್ಲ, ದೂರವೂ ಲೆಕ್ಕಕ್ಕೆ ಬರುತ್ತದೆ ಎಂದು ಅವರೇ ಹೇಳಿದರು, ನಾನು ಹೇಳಿಕೊಡುವ ಮೊದಲೇ. ಬೆಲ್ಲು ಹೊಡೆದರೂ ಯಾರೂ ಏಳಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಹಾಗೆಯೇ.

ಹೊರಗೆ ಹೆಡ್‌ಮಾಸ್ಟರರು ಓಡಾಡುತ್ತಿದ್ದದ್ದು ಆಗ ಕಾಣಿಸಿತು. ಇನ್‌ಸ್ಪೆಕ್ಟರ್ ಹೇಳದೆ ಕೇಳದೆ ಬಂದು, ಹದಿನೈದು ನಿಮಿಷ ಕಿಟಕಿಯಲ್ಲಿ ನಿಂತು ನನ್ನ ಪಾಠ ನೋಡಿ, ವಿಸಿಟ್ ಬುಕ್ಕಿನಲ್ಲಿ ಬರೆದು, ಬಸ್ಸಿಗೆ ಹೊತ್ತಾಯಿತೆಂದು ಹೊರಟೂ ಹೋಗಿದ್ದರು.

ನಾನೂ ಕನ್ನಡ ಮೇಷ್ಟ್ರೂ ಹೆಡ್‌ಮಾಸ್ಟರರ ಹಿಂದೆ ಸ್ಟಾಫ್ ರೂಮಿಗೆ ಓಡಿದೆವು. ಹೆಡ್‌ಮಾಸ್ಟರರು ಪುಸ್ತಕ ಬಿಡಿಸಿ, ಒಮ್ಮೆ ನನ್ನನ್ನು, ಒಮ್ಮೆ ಕನ್ನಡ ಮೇಷ್ಟ್ರನ್ನು ನೋಡಿ ಓದಿದರು:

"ಕನ್ನಡ ಶಿಕ್ಷಕರು ರಾವಣನ ಕಥೆಯನ್ನು ಅತ್ಯಂತ ಸ್ವಾರಸ್ಯವಾಗಿ ಹೇಳುತ್ತಿದ್ದರು. ಒಂದು ಮಗುವೂ ಅತ್ತಿತ್ತ ನೋಡಲಿಲ್ಲ. ಇಂಥ ಪಾಠವನ್ನು ನಾನು ಈವರೆಗೆ ಕಂಡಿಲ್ಲ. ಶನಿವಾರದ ಪಿರಿಯಡ್ ಇವರಲ್ಲಿಯೇ ಮುಂದುವರಿಯಲಿ. ವಿಜ್ಞಾನ ಶಿಕ್ಷಕರು ತಕ್ಕಡಿ ಹಿಡಿದುಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಇವರು ಕನ್ನಡ ಶಿಕ್ಷಕರಿಂದ ಕಲಿಯುವುದು ಬಹಳಷ್ಟಿದೆ."

"ಸಾರ್, ಅದು ನಾನು!" ಅಂದೆ.

"ಗೊತ್ತು ಕಣ್ರಿ," ಅಂದರು ಹೆಡ್‌ಮಾಸ್ಟರರು. "ಆದ್ರೆ ಬರೆದಾಗೈತೆ. ಸಹಿ, ಸೀಲು ಎರಡೂ ಬಿದ್ದೈತೆ."

ಕನ್ನಡ ಮೇಷ್ಟ್ರು ಪುಸ್ತಕ ಇಸಿದುಕೊಂಡು ಎರಡು ಸಲ ಓದಿದರು. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

"ಇಷ್ಟು ವರ್ಷ ಕಥೆ ಹೇಳಿದೆ ಸಾರ್," ಅಂದರು. "'ತೃಪ್ತಿಕರ' ಅನ್ನೋದು ಬಿಟ್ಟು ಒಬ್ಬನೂ ಒಂದು ಮಾತು ಬರೀಲಿಲ್ಲ. ಇವತ್ತು ಬರೆದವ್ರೆ, ಪಾಠ ನಿಮ್ದು." ಅವರ ಮುಖ ನೋಡಿದೆ. ಆ ಮುಖ ನನಗೆ ಚೆನ್ನಾಗಿ ಗೊತ್ತು. ವರ್ಷವಿಡೀ ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ನೋಡುತ್ತಿದ್ದೆ.

ಪಿರಿಯಡ್ ಅವರ ಹೆಸರಿಗೆ ಕಾಯಂ ಆಯಿತು. ಅವರು ನನಗೆ ಆ ಪುಟದ ಝೆರಾಕ್ಸ್ ಒಂದು ಮಾಡಿಸಿ ಕೊಟ್ಟು, "ಮನೇಲಿ ತೋರಿಸ್ರಿ, ನಿಮ್ದೇ ಅಲ್ವಾ" ಅಂದರು. ನಾನು ಅದನ್ನು ಮಡಿಸದೆ ಪುಸ್ತಕದ ನಡುವೆ ಇಟ್ಟುಕೊಂಡು ಮಧ್ಯಾಹ್ನದ ಬಸ್ಸಿಗೆ ಚಳ್ಳಕೆರೆಗೆ ಹೋದೆ.

ನಮ್ಮಪ್ಪನದು ಶೇಂಗಾ ಮಂಡಿ. ನಾನು ಮೇಷ್ಟ್ರಾದದ್ದು ಅವರಿಗೆ ಇಷ್ಟವಿರಲಿಲ್ಲ. ಅಂಗಡಿಯ ಗದ್ದುಗೆಯಲ್ಲಿ ಕೂತೇ ಝೆರಾಕ್ಸನ್ನು ದೂರ ಹಿಡಿದು, ಬೆರಳಿಟ್ಟು, ಒಂದೊಂದೇ ಸಾಲು ಓದಿದರು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

"ಕನ್ನಡ ಮೇಷ್ಟ್ರು ಭಾಳ ದೊಡ್ಡೋರು ಕಣೋ," ಅಂದರು.

"ಅಪ್ಪ, ಅದು ಅವರಲ್ಲ, ನಾನು. ತಕ್ಕಡಿ ಹಿಡ್ಕೊಂಡಿದ್ದು ಅವರು. ಇನ್‌ಸ್ಪೆಕ್ಟರ್‌ಗೆ ಗೊತ್ತಾಗ್ಲಿಲ್ಲ."

ಅಪ್ಪ ಇನ್ನೊಂದು ಸಲ ಓದಿದರು. ಕೆಳಗಿನ ಸೀಲನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ ಕಡೆ ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಬೇಸರ ಇತ್ತು.

"ಸರ್ಕಾರದೋರು ಬರೆದಿದ್ದು ಸುಳ್ಳು, ನೀನು ಹೇಳಿದ್ದು ನಿಜ, ಹೌದೇನಲೇ? ತಕ್ಕಡಿ ಹಿಡಿಯೋಕೆ ಅಷ್ಟು ದೂರ ಯಾಕೋ ಹೋದೆ? ಇಲ್ಲಿ ನಮ್ದೇ ಎರಡು ಅದಾವೆ!"